ಸಂತೆಯ ಮೇಲಿನ ಮನೆಗಳು

ರೋಟರ್‌ಡ್ಯಾಮಿನ ಬ್ಲಾಕ್ ನಿಲ್ದಾಣದಿಂದ ಹೊರಬಿದ್ದರೆ ಶನಿವಾರದ ಸಂತೆ ಎದುರಾಗುತ್ತದೆ. ಮೀನಿನ ಅಂಗಡಿ, ಗಾಲಿಗಾತ್ರದ ಚೀಸು, ಹೂವಿನ ಕಟ್ಟುಗಳು, ಬಿಡದೆ ಬಾರಿಸುವ ಸೈಕಲ್ ಗಂಟೆ. ಒಂದು ಬದಿಗೆ ಕುದುರೆಲಾಳದಂತೆ ಬಾಗಿದ ಮಾರ್ಕ್ಟ್‌ಹಾಲ್. ಇನ್ನೊಂದು ಬದಿಗೆ ಮೂಲೆಯ ಮೇಲೆ ಓರೆಯಾಗಿ ನಿಂತ ಹಳದಿ ಘನಮನೆಗಳು. ಇವೆರಡರ ನಡುವೆ ನಿಂತಾಗಲೇ ನನಗೆ ಅನ್ನಿಸಿದ್ದು, ಇಲ್ಲೇ ಇದ್ದುಬಿಡಬೇಕು ಅಂತ.

ಸಂತೆಗೆ ಸೂರು ಬೇಕಿತ್ತು, ಊರ ನಡುವೆ ಮನೆಗಳೂ ಬೇಕಿದ್ದವು. ಎಂವಿಆರ್‌ಡಿವಿ ಸಂಸ್ಥೆಯ ವಿನ್ಯಾಸಕಾರರು ಮನೆಗಳನ್ನೇ ಬಗ್ಗಿಸಿ ಸೂರು ಮಾಡಿದರು. 2014ರಲ್ಲಿ ತೆರೆದ ಈ 40 ಮೀಟರ್ ಎತ್ತರದ ಕಮಾನಿನ ಮೈಯಲ್ಲಿ 228 ಮನೆಗಳಿವೆ. ಒಳಮೈ ತುಂಬ ಹಣ್ಣು, ತರಕಾರಿ, ಹೂವು, ಮೀನುಗಳ ದೈತ್ಯ ಚಿತ್ರ. ಚಿತ್ರದ ನಡುನಡುವೆ ನಿಜವಾದ ಕಿಟಕಿಗಳು. ಅಂಥದೊಂದು ಕಿಟಕಿಯಲ್ಲಿ ವಯಸ್ಸಾದ ಮಹಿಳೆಯೊಬ್ಬರು ಹಳೇ ಬಟ್ಟೆ ಹಿಡಿದು ಗಾಜು ಒರೆಸುತ್ತಿದ್ದರು. ಕೆಳಗೆ ನಾವೆಲ್ಲ ಬಾಯಿ ಬಿಟ್ಟುಕೊಂಡು ಫೋಟೋ ತೆಗೆಯುತ್ತಿದ್ದೆವು. ಅವರಿಗೆ ಅದು ಶನಿವಾರದ ಮನೆಗೆಲಸ. ನನಗೆ ಬೇಕಾದದ್ದು ಅದೇ. ನೋಡಿ ಹೋಗುವುದಲ್ಲ, ಇಂಥ ಕಟ್ಟಡದಲ್ಲಿ ಬೆಳಗಾಗಿ ಎದ್ದು ಕಸ ಗುಡಿಸುವುದು.

ಘನಮನೆಗಳು ಪೀಟ್ ಬ್ಲೋಮ್ ಅವರವು, 1984ರಲ್ಲಿ ಮುಗಿದವು. ಒಂದೊಂದು ಮನೆಯೂ ಒಂದು ಮರ, ಎಲ್ಲ ಸೇರಿ ಕಾಡು ಎನ್ನುವುದು ಅವರ ಕಲ್ಪನೆ. ನೋಡಲೆಂದು ತೆರೆದಿಟ್ಟ ಮನೆಯೊಂದರ ಇಕ್ಕಟ್ಟಾದ ಮೆಟ್ಟಿಲು ಹತ್ತಿದೆ. ಗೋಡೆಗಳು ಹೊರಕ್ಕೆ ವಾಲಿವೆ, ಬೀರುವನ್ನು ಆನಿಸಿಡಲು ಜಾಗವಿಲ್ಲ. ಕಿಟಕಿಗಳೂ ಕೆಳಕ್ಕೇ ಮುಖಮಾಡಿ, ದಾರಿಹೋಕರ ನೆತ್ತಿ, ಕೊಡೆಗಳನ್ನು ತೋರಿಸುತ್ತವೆ. ತುದಿಯ ಕೋಣೆಗೆ ಹೋದರೆ ಸುತ್ತಲೂ ಬರೀ ಆಕಾಶ.

ಹೀಗೆಲ್ಲ ಕಟ್ಟುವ ಧೈರ್ಯ ಊರಿಗೆ ಸುಮ್ಮನೆ ಬಂದದ್ದಲ್ಲ. 1940ರ ಮೇ 14ರಂದು ಜರ್ಮನ್ ವಿಮಾನಗಳ ಬಾಂಬಿಗೆ ನಗರದ ಒಡಲೇ ಸುಟ್ಟುಹೋಯಿತು. ಸುಮಾರು 80,000 ಜನ ಮನೆ ಕಳೆದುಕೊಂಡರು. ಸೇಂಟ್ ಲಾರೆನ್ಸ್ ಚರ್ಚನ್ನು ಮತ್ತೆ ಎತ್ತಿ ನಿಲ್ಲಿಸಿದರು. ಉಳಿದ ಕಡೆ ಹಳೆಯದರ ನಕಲು ಮಾಡದೆ ಹೊಸದನ್ನೇ ಕಟ್ಟಿದರು. ವಾಹನಗಳಿಲ್ಲದ ಪೇಟೆಬೀದಿ ಲೈನ್‌ಬಾನ್ 1953ರಷ್ಟು ಹಿಂದೆಯೇ ಬಂತು. ಬೆಂಕಿ ಎಲ್ಲಿಯವರೆಗೆ ಹಬ್ಬಿತ್ತು ಎನ್ನುವುದಕ್ಕೆ ಪಾದಚಾರಿ ದಾರಿಯಲ್ಲಿ ದೀಪಗಳ ಗುರುತಿದೆ. ಸಂಜೆ ಅವುಗಳ ಮೇಲೆ ಕಾಲಿಡಲು ಮನಸ್ಸು ಬರುವುದಿಲ್ಲ. ಇಲ್ಲಿನ ಹೊಸತು ಶೋಕಿಗೆ ಹುಟ್ಟಿದ್ದಲ್ಲ. ಹಾಗಾಗಿಯೇ ಅದರ ಮೇಲೆ ನನಗೆ ನಂಬಿಕೆ.

ಬೆನ್ ಫಾನ್ ಬೆರ್ಕೆಲ್ ವಿನ್ಯಾಸದ, ಊರವರು ಹಂಸವೆಂದು ಕರೆಯುವ ಎರಾಸ್ಮಸ್ ಸೇತುವೆಯ ಮೇಲೆ ನದಿ ದಾಟಿದೆ. ಆಚೆ ಕಾಟೆನ್‌ಡ್ರೆಕ್ಟ್‌ನಲ್ಲಿ, ಹಳೆಯ ಬಂದರು ಗೋದಾಮಿನೊಳಗೆ, 2025ರಲ್ಲಿ ತೆರೆದ ಫೆನಿಕ್ಸ್ ವಸ್ತುಸಂಗ್ರಹಾಲಯವಿದೆ. ಅದು ಮೀಸಲಾಗಿರುವುದು ವಲಸೆಗೆ. ಅಮೆರಿಕಕ್ಕೆ ಹೊರಟ ಅದೆಷ್ಟೋ ಮಂದಿ ಹಡಗು ಹತ್ತಿದ್ದು ಈ ಬಂದರಿನಿಂದಲೇ. ಒಳಗೆ ಎರಡು ಸಾವಿರದಷ್ಟು ಸೂಟ್‌ಕೇಸುಗಳನ್ನು ಪೇರಿಸಿ ಚಕ್ರವ್ಯೂಹ ಕಟ್ಟಿದ್ದಾರೆ. ಒಂದರ ತೊಗಲಿನ ಹಿಡಿಕೆ ಕೈ ಬೆವರಿಗೆ ಕಪ್ಪಾಗಿತ್ತು, ಮೂಲೆಯ ಹೊಲಿಗೆ ಬಿಟ್ಟಿತ್ತು. ಅದರೆದುರು ತುಂಬ ಹೊತ್ತು ನಿಂತೆ.

ಕಟ್ಟಡ ವಿನ್ಯಾಸ ಕಲಿಸುವ ದೊಡ್ಡ ವಿಶ್ವವಿದ್ಯಾಲಯ ಪಕ್ಕದ ಡೆಲ್ಫ್ಟ್‌ನಲ್ಲಿದೆ, ರೈಲಿನಲ್ಲಿ ಕಾಲು ಗಂಟೆಯ ದಾರಿ. ಅಲ್ಲಿಗೆ ಅರ್ಜಿ ಹಾಕುತ್ತೇನೆ. ಡಚ್ ಕಲಿಯಬೇಕು, ದುಬಾರಿ ಬಾಡಿಗೆಗೆ ದುಡ್ಡು ಹೊಂದಿಸಬೇಕು. ಅದಕ್ಕೂ ಮೊದಲು, ಊರಿಗೆ ಹೋದೊಡನೆ, ಅಮ್ಮನ ಹತ್ತಿರ ಕೂತು ಮಾತಾಡುತ್ತೇನೆ.