ಉಸಿರಿನ ಧೂಳಿಗೆ ಮೂಲವಾವುದು?

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಲ್ಲಿ ಭಕ್ತರೊಬ್ಬರ ಮನೆಗೆ ಈಚೆಗೆ ನಾವು ಹೋಗಿದ್ದೆವು. ಬೆಂಗಳೂರಿನಲ್ಲಿ ನೆಲೆಸಿರುವ ಮಗನ ಕುಟುಂಬ ರಜೆಗೆ ಬಂದಿತ್ತು. ಐದು ವರ್ಷದ ಮೊಮ್ಮಗುವಿಗೆ ಉಬ್ಬಸ. ಅಜ್ಜಿ ನಮ್ಮೊಡನೆ, “ಅಯ್ನೋರೇ, ಪ್ಯಾಟೆ ಗಾಳಿ ಕೆಟ್ಟದ್ದು, ಕೂಸ್ನ ಇಲ್ಲೇ ಬಿಡಿ ಅಂದ್ರೆ ಕೇಳಾಕಿಲ್ಲ” ಎಂದು ಸಂಕಟಪಟ್ಟರು. ಹಾಗೆನ್ನುತ್ತಲೇ ಆ ತಾಯಿ ಹಂಡೆಯ ಒಲೆಗೆ ಕಬ್ಬಿನ ತರಗನ್ನು ತುರುಕುತ್ತಿದ್ದರು. ಹಿತ್ತಲ ತುಂಬ ಹೊಗೆ, ಮಗು ಕೆಮ್ಮುತ್ತಿತ್ತು. ಯಾವ ಗಾಳಿ ಕೆಟ್ಟದ್ದು, ಅದನ್ನು ಕೆಡಿಸಿದ್ದು ಯಾವುದು ಎಂಬ ಪ್ರಶ್ನೆ ಅಂದು ನಮ್ಮನ್ನು ಕಾಡಿತು.

ಮನುಷ್ಯನ ಕುಲವನ್ನು ಕೇಳಬಾರದೆಂಬುದು ಶರಣಧರ್ಮ. ಆದರೆ ಧೂಳಿನ ಮೂಲವನ್ನು ಮಾತ್ರ ಕೇಳಲೇಬೇಕು. ಮೂಲವರಿಯದೆ ಮದ್ದು ಮಾಡಲಾಗದು.

ಗಾಳಿಯಲ್ಲಿ ತೇಲುವ ಕಣಗಳಲ್ಲಿ 10 ಮೈಕ್ರಾನಿಗಿಂತ ಸಣ್ಣವನ್ನು ಪಿ.ಎಂ. 10 ಎಂದೂ 2.5 ಮೈಕ್ರಾನಿಗಿಂತ ಸಣ್ಣವನ್ನು ಪಿ.ಎಂ. 2.5 ಎಂದೂ ಕರೆಯುತ್ತಾರೆ. ಎರಡನೆಯವು ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲೂ ಇರಲಾರವು, ಶ್ವಾಸಕೋಶದ ಆಳಕ್ಕಿಳಿಯುವುವು. ನಮ್ಮ ದೇಶವು 2009ರಲ್ಲಿ ವಿಧಿಸಿದ ಮಿತಿಯಂತೆ ಒಂದು ಘನ ಮೀಟರ್ ಗಾಳಿಯಲ್ಲಿ ಇವು ದಿನದ ಸರಾಸರಿ 60, ವರ್ಷದ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ವರ್ಷದ ಸರಾಸರಿಗೆ 5 ಮೈಕ್ರೋಗ್ರಾಂ ಎಂದು ಸೂಚಿಸಿತು.

ಅಳೆಯುವ ಕ್ರಮ ಹೀಗಿದೆ. ಗಾಳಿಯನ್ನು ಹೀರುವ ಯಂತ್ರದಲ್ಲಿ ತೂಗಿಟ್ಟ ಸೋಸುಹಾಳೆಯನ್ನು ಇರಿಸಿ ಇಪ್ಪತ್ನಾಲ್ಕು ಗಂಟೆ ನಡೆಸುತ್ತಾರೆ. ರೂಢಿಯಲ್ಲಿರುವ ಒಂದು ಬಗೆಯ ಯಂತ್ರದಲ್ಲಿ ಅಷ್ಟು ಹೊತ್ತಿಗೆ ಸುಮಾರು 24 ಘನ ಮೀಟರ್ ಗಾಳಿ ಹಾದುಹೋಗುತ್ತದೆ. ಗಾಳಿಯು 60ರ ಮಿತಿಯಲ್ಲಿದ್ದರೆ ಹಾಳೆಯ ಮೇಲೆ ಕೂಡುವುದು ಒಂದೂವರೆ ಮಿಲಿಗ್ರಾಮಿಗೂ ಕಡಿಮೆ. ಈ ಚಿಟಿಕೆಗೂ ಸಾಲದ ಧೂಳಿನಲ್ಲಿ ಊರಿನ ಕಥೆಯೆಲ್ಲ ಅಡಗಿರುತ್ತದೆ.

ಒಂದೇ ಹಾಳೆ ಸಾಲದು. ಟೆಫ್ಲಾನ್ ಹಾಳೆಯಲ್ಲಿಯೇ ಇಂಗಾಲವಿರುವುದರಿಂದ ಅದರ ಮೇಲೆ ಧೂಳಿನ ಇಂಗಾಲವನ್ನು ಅಳೆಯಲಾಗದು. ಕ್ವಾರ್ಟ್ಜ್ ಹಾಳೆಯೇ ಸಿಲಿಕಾನಿನಿಂದಾದುದರಿಂದ ಅದರಲ್ಲಿ ಮಣ್ಣಿನ ಸಿಲಿಕಾನ್ ತಿಳಿಯದು. ಆದಕಾರಣ ಎರಡನ್ನೂ ಬಳಸುತ್ತಾರೆ. ಲೋಹಗಳನ್ನು ಕ್ಷಕಿರಣದಿಂದಲೂ, ನೀರಿನಲ್ಲಿ ಕರಗುವ ಸಲ್ಫೇಟ್, ನೈಟ್ರೇಟ್ ಮೊದಲಾದ ಲವಣಗಳನ್ನು ಬೇರೆಯೊಂದು ಯಂತ್ರದಿಂದಲೂ, ಇಂಗಾಲವನ್ನು ಹಂತಹಂತವಾಗಿ ಕಾಯಿಸಿಯೂ ಗುರುತಿಸುತ್ತಾರೆ.

ಸಿಲಿಕಾನ್, ಅಲ್ಯೂಮಿನಿಯಂ ಹೆಚ್ಚಿದ್ದರೆ ಮಣ್ಣಿನ ಗುರುತು. ತಾಮ್ರ, ಆಂಟಿಮನಿ ವಾಹನದ ಬ್ರೇಕಿನ ಸವೆತವನ್ನು ಸೂಚಿಸುತ್ತವೆ. ಸೌದೆ, ತರಗು ಉರಿದಾಗ ಪೊಟ್ಯಾಸಿಯಂ ಜೊತೆಗೆ ಲೆವೊಗ್ಲುಕೋಸಾನ್ ಎಂಬ ಸಕ್ಕರೆಯ ಜಾತಿಯ ವಸ್ತು ಹುಟ್ಟುತ್ತದೆ. ಗಾಳಿಯಲ್ಲಿಯೇ ಜನಿಸುವ ಕಣಗಳೂ ಉಂಟು: ಹೊಲದ ಯೂರಿಯಾದಿಂದಲೂ ಕೊಟ್ಟಿಗೆಯಿಂದಲೂ ಏಳುವ ಅಮೋನಿಯಾವು ವಾಹನ, ಕಾರ್ಖಾನೆಗಳ ಅನಿಲದೊಡನೆ ಕೂಡಿ ಸೂಕ್ಷ್ಮ ಲವಣವಾಗುತ್ತದೆ. ಪಟ್ಟಣದ ಗಾಳಿಯಲ್ಲಿ ಹಳ್ಳಿಯ ಪಾಲೂ ಇದೆಯೆಂಬುದನ್ನು ಮರೆಯಲಾಗದು.

ಜಾತ್ರೆಯ ದಾಸೋಹಕ್ಕೆ ಹಲವು ಊರುಗಳಿಂದ ದವಸ ಬಂದು ಒಂದೇ ರಾಶಿಯಾಯಿತೆನ್ನೋಣ. ಯಾವ ಊರಿನವರು ರಾಗಿ, ಭತ್ತ, ಹುರುಳಿಗಳನ್ನು ಯಾವ ಪ್ರಮಾಣದಲ್ಲಿ ತರುವರೆಂಬುದು ಗೊತ್ತಿದ್ದರೆ ರಾಶಿಯನ್ನು ಅಳೆದು ಪ್ರತಿ ಊರಿನ ಪಾಲನ್ನು ಹೇಳಬಹುದು. ವಿಜ್ಞಾನಿಗಳ ಲೆಕ್ಕವೂ ಇಂಥದೇ. ಎರಡು ಊರಿನವರು ಒಂದೇ ಬಗೆಯಲ್ಲಿ ತಂದರೆ ಬೇರ್ಪಡಿಸುವುದು ಕಷ್ಟ. ರಸ್ತೆಯ ಧೂಳು, ಹೊಲದ ಮಣ್ಣುಗಳ ವಿಷಯದಲ್ಲಿ ಇದೇ ತೊಡಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೆಹಲಿ, ಮುಂಬಯಿ, ಚೆನ್ನೈ, ಪುಣೆ, ಕಾನ್ಪುರ, ಬೆಂಗಳೂರುಗಳಲ್ಲಿ ಇಂಥ ಅಧ್ಯಯನ ಮಾಡಿಸಿತು. ಬೆಂಗಳೂರಿನ ಬಗ್ಗೆ ಟೆರಿ ಸಂಸ್ಥೆ 2010ರಲ್ಲಿ ನೀಡಿದ ವರದಿಯಲ್ಲಿ ಮೂಲಗಳ ಪಟ್ಟಿಯೂ ಇತ್ತು. ಅದರಂತೆ ಪಿ.ಎಂ. 10 ಕಣಗಳಲ್ಲಿ ವಾಹನಗಳ ಹೊಗೆಯ ಪಾಲು ಶೇಕಡಾ 42, ರಸ್ತೆಯ ಧೂಳಿನದು 20, ಕಟ್ಟಡ ಕೆಲಸ ಮತ್ತು ಕಾರ್ಖಾನೆಗಳದು ತಲಾ 14. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರಿನೊಡನೆ ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳೂ ಸೇರಿದವು.

ಹಾಗಾದರೆ ಹಳ್ಳಿ ನಿರ್ದೋಷಿಯೇ? ನಮ್ಮ ಬಾಲ್ಯದಲ್ಲಿ ಮಠದ ದಾಸೋಹದ ಮನೆಯಲ್ಲಿ ಅಡುಗೆಯ ಕಾಯಕ ಮಾಡುತ್ತಿದ್ದ ತಾಯಿಯೊಬ್ಬರಿದ್ದರು. ಸೌದೆಯ ಹೊಗೆಯಲ್ಲಿ ಬೆಳಗಿನಿಂದ ಇರುಳಿನವರೆಗೆ ನಿಂತು ಸಾವಿರಾರು ಜನರಿಗೆ ಉಣಬಡಿಸಿದ ಅವರು ಕೊನೆಗಾಲದಲ್ಲಿ ನಾಲ್ಕು ಹೆಜ್ಜೆ ನಡೆಯಲೂ ಉಸಿರು ಸಾಲದೆ ಕುಳಿತುಬಿಡುತ್ತಿದ್ದರು. ಅಂದು ಅದನ್ನು ವಯಸ್ಸಿನ ದೋಷವೆಂದು ನಾವು ಭಾವಿಸಿದ್ದೆವು. ಅವರ ಅನ್ನವನ್ನುಂಡ ನಾವು ಅವರ ಉಸಿರಿನ ಬಗ್ಗೆ ಒಮ್ಮೆಯೂ ಕೇಳಲಿಲ್ಲವೆಂಬ ನೋವು ಇಂದಿಗೂ ಇದೆ.

ಕ್ಯಾತನಹಳ್ಳಿಯ ಆ ಅಜ್ಜಿಗೆ ನಾವು ಹೇಳಿದ್ದು ಇಷ್ಟೆ: “ತಾಯೀ, ಪಟ್ಟಣದ ಹೊಗೆ ನಮ್ಮ ಕೈಯಲ್ಲಿಲ್ಲ, ಈ ಒಲೆಯದು ನಿಮ್ಮ ಕೈಯಲ್ಲಿದೆ. ತರಗನ್ನು ಸುಡದೆ ಗದ್ದೆಗೇ ಹೊದಿಸಿ, ಮಣ್ಣಿಗೆ ಗೊಬ್ಬರವಾದೀತು. ಪ್ಲಾಸ್ಟಿಕ್ಕನ್ನು ಒಲೆಗೆ ಹಾಕಲೇಬೇಡಿ. ಒಲೆಗೊಂದು ಹೊಗೆಗೂಡು ಮಾಡಿಸಿ, ಉರಿಯುವಾಗ ಕೂಸನ್ನು ದೂರವಿಡಿ.” ಅವರು ಮಾತನಾಡಲಿಲ್ಲ. ಕೈಯಲ್ಲಿದ್ದ ತರಗನ್ನು ಕೆಳಗಿಟ್ಟು ಮಗುವನ್ನೆತ್ತಿಕೊಂಡು ಜಗಲಿಗೆ ನಡೆದರು. ಓದುಗ ಬಂಧುಗಳೂ ಇಂದೇ ತಮ್ಮ ಮನೆಯ ಒಲೆಯನ್ನೊಮ್ಮೆ ನೋಡಲಿ.