ಹೃದಯದ ಬಡಿತ, ಬಾಳಿಕೆಯ ಲೆಕ್ಕ

ವಹಿವಾಟು ಹೆಚ್ಚಿದ ಮಾತ್ರಕ್ಕೆ ಸಂಸ್ಥೆಯು ಸದೃಢವಾಗಿದೆಯೆಂದು ಹೇಳಲಾಗದು ಎಂಬುದು ವ್ಯಾಪಾರಸ್ಥರೆಲ್ಲರೂ ಬಲ್ಲ ಸಂಗತಿ. ಸಾಲದ ಹಣದಿಂದ ವಹಿವಾಟನ್ನು ಹಿಗ್ಗಿಸಿದ ಅಂಗಡಿಯು ಕೆಲಕಾಲ ಭರ್ಜರಿಯಾಗಿ ನಡೆದು, ಬಡ್ಡಿಯ ಭಾರ ತಾಳಲಾರದೆ ಬಾಗಿಲು ಹಾಕುವುದುಂಟು. ಹೃದಯ ವೈಫಲ್ಯದ ಚಿಕಿತ್ಸೆಯಲ್ಲಿಯೂ ಇಂತಹುದೇ ಪಾಠವನ್ನು ಕಲಿಯಲು ವೈದ್ಯವಿಜ್ಞಾನಕ್ಕೆ ಹಲವು ವರ್ಷಗಳು ಬೇಕಾದವು.

ಹೃದಯ ವೈಫಲ್ಯವೆಂದರೆ ಹೃದಯವು ನಿಂತುಹೋಗುವುದಲ್ಲ. ದೇಹಕ್ಕೆ ಅಗತ್ಯವಾದಷ್ಟು ರಕ್ತವನ್ನು ಪೂರೈಸಲು ಅದು ಅಶಕ್ತವಾಗುವುದು. ಏದುಸಿರು, ಕಾಲುಗಳ ಊತ, ಆಯಾಸ ಇದರ ಮುಖ್ಯ ಲಕ್ಷಣಗಳು. ಎಕೋ ಪರೀಕ್ಷೆಯ ವರದಿಯಲ್ಲಿ ಕಾಣುವ ‘ಇ.ಎಫ್.’ ಎಂಬ ಅಂಕಿಯು, ಹೃದಯದ ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದ ಶೇಕಡಾ ಎಷ್ಟು ಭಾಗವು ಪ್ರತಿ ಬಡಿತಕ್ಕೆ ಹೊರಹೋಗುತ್ತದೆಂಬುದನ್ನು ತಿಳಿಸುತ್ತದೆ. ಈ ಅಂಕಿ ಕುಗ್ಗದೆಯೂ ವೈಫಲ್ಯ ಉಂಟಾಗಬಹುದು. ಆದರೆ ಇಲ್ಲಿ ಹೇಳುವ ಪ್ರಯೋಗಗಳು ಅದು ಕುಗ್ಗಿದವರಿಗೆ ಸಂಬಂಧಿಸಿದವು.

ಬಲ ನೀಡಿದ ಔಷಧ

ಹೃದಯವು ದುರ್ಬಲವಾಗಿದ್ದರೆ ಅದನ್ನು ಬಲವಾಗಿ ಬಡಿಯುವಂತೆ ಮಾಡಬೇಕೆಂಬುದು ಸಹಜವಾದ ತರ್ಕ. ಮಿಲ್ರಿನೋನ್ ಎಂಬ ಔಷಧವು ಆ ಕಾರ್ಯವನ್ನು ಮಾಡುತ್ತಿತ್ತು. ತೀವ್ರ ವೈಫಲ್ಯವಿದ್ದ 1,088 ರೋಗಿಗಳಲ್ಲಿ ಒಂದು ಗುಂಪಿಗೆ ಈ ಮಾತ್ರೆಯನ್ನೂ, ಇನ್ನೊಂದು ಗುಂಪಿಗೆ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಡಲಾಯಿತು. ಯಾರಿಗೆ ಯಾವುದು ದೊರೆಯುತ್ತಿದೆಯೆಂಬುದು ವೈದ್ಯರಿಗಾಗಲೀ ರೋಗಿಗಾಗಲೀ ತಿಳಿದಿರಲಿಲ್ಲ. 1991ರಲ್ಲಿ ಪ್ರಕಟವಾದ ಫಲಿತಾಂಶವು ನಿರೀಕ್ಷೆಗೆ ವಿರುದ್ಧವಾಗಿತ್ತು: ಹುಸಿ ಮಾತ್ರೆಯವರಲ್ಲಿ ಶೇ. 24 ಮಂದಿ ಮೃತಪಟ್ಟಿದ್ದರೆ, ಮಿಲ್ರಿನೋನ್ ಪಡೆದವರಲ್ಲಿ ಶೇ. 30 ಮಂದಿ. ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು.

ಭಾರ ಇಳಿಸಿದ ಔಷಧ

ಇದಕ್ಕೆ ಬಹಳ ಮೊದಲೇ, 1975ರಲ್ಲಿ, ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಏಳು ರೋಗಿಗಳಿಗೆ ಬೀಟಾ-ಬ್ಲಾಕರ್ ಔಷಧ ನೀಡಿ ಸುಧಾರಣೆ ಕಂಡಿದ್ದರು. ಬಡಿತದ ವೇಗವನ್ನೂ ಬಲವನ್ನೂ ತಗ್ಗಿಸುವ ಈ ಔಷಧವು ದುರ್ಬಲ ಹೃದಯಕ್ಕೆ ಅಪಾಯಕಾರಿಯೆಂಬುದು ಅಂದಿನ ನಂಬಿಕೆ. ಆದ್ದರಿಂದ ಅವರ ಮಾತಿಗೆ ದೀರ್ಘಕಾಲ ಮನ್ನಣೆ ದೊರೆಯಲಿಲ್ಲ.

ಕಾರಣವು ಕ್ರಮೇಣ ಸ್ಪಷ್ಟವಾಯಿತು. ಹೃದಯವು ಸೋತಾಗ ದೇಹವು ಅಡ್ರಿನಲಿನ್‌ನಂತಹ ರಾಸಾಯನಿಕಗಳನ್ನು ಹೆಚ್ಚಾಗಿ ಸ್ರವಿಸಿ ಅದನ್ನು ದುಡಿಸುತ್ತದೆ. ಇದು ಓವರ್‌ಡ್ರಾಫ್ಟ್ ಇದ್ದಂತೆ: ತುರ್ತಿಗೆ ನೆರವಾದರೂ, ನಿತ್ಯದ ಆಧಾರವಾದರೆ ಸ್ನಾಯುವೇ ಕ್ಷೀಣಿಸುತ್ತದೆ. ಬೀಟಾ-ಬ್ಲಾಕರ್ ಈ ಒತ್ತಡವನ್ನು ತಡೆಯುತ್ತದೆ. 1999ರಲ್ಲಿ ಪ್ರಕಟವಾದ ಮೆರಿಟ್-ಎಚ್‌ಎಫ್ ಪ್ರಯೋಗದಲ್ಲಿ 3,991 ರೋಗಿಗಳಿದ್ದರು. ಮೆಟೊಪ್ರೊಲಾಲ್ ಪಡೆದವರಲ್ಲಿ ಮರಣ ಪ್ರಮಾಣವು ಶೇ. 34ರಷ್ಟು ತಗ್ಗಿತು. ಅದೇ ವರ್ಷದ ಸಿಬಿಸ್-2 ಪ್ರಯೋಗದಲ್ಲಿ ಬಿಸೊಪ್ರೊಲಾಲ್ ಔಷಧವೂ ಅಷ್ಟೇ ಫಲ ನೀಡಿತು. ಈ ಎರಡು ಪ್ರಯೋಗಗಳೂ ಬೇಗನೆ ನಿಂತವು. ಆದರೆ ಲಾಭವು ನಿಸ್ಸಂದೇಹವಾಗಿದ್ದ ಕಾರಣದಿಂದ.

ಮಾತ್ರೆ ನಿಲ್ಲಿಸಿದರೆ?

ಉಸಿರಾಟ ಸರಾಗವಾಗಿ, ಇ.ಎಫ್. ಸುಧಾರಿಸಿದಾಗ ‘ಇನ್ನೇಕೆ ಮಾತ್ರೆ?’ ಎಂಬ ಪ್ರಶ್ನೆ ಏಳುತ್ತದೆ. ಅಂಗಡಿಯ ಒತ್ತಡದಲ್ಲಿ ಮಾತ್ರೆ ಮರೆಯುವುದೂ ಉಂಟು. ಬ್ರಿಟನ್ನಿನ ಟ್ರೆಡ್-ಎಚ್‌ಎಫ್ ಪ್ರಯೋಗವು ಇದೇ ಪ್ರಶ್ನೆಯನ್ನು ಪರೀಕ್ಷಿಸಿತು. ಹೃದಯವು ಹಿಗ್ಗಿ ದುರ್ಬಲವಾಗಿ, ಬಳಿಕ ಚೇತರಿಸಿಕೊಂಡು ಲಕ್ಷಣರಹಿತರಾಗಿದ್ದ 51 ಮಂದಿ ಅದರಲ್ಲಿದ್ದರು. ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಔಷಧ ನಿಲ್ಲಿಸಿದ 25 ಮಂದಿಯಲ್ಲಿ 11 ಮಂದಿಗೆ ಆರು ತಿಂಗಳೊಳಗೆ ರೋಗವು ಮರುಕಳಿಸಿತು. ಮುಂದುವರಿಸಿದ 26 ಮಂದಿಯಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. ಸುಧಾರಿಸಿದ ಅಂಕಿಯು ರೋಗಮುಕ್ತಿಯ ಪ್ರಮಾಣಪತ್ರವಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಮಾತ್ರೆಯನ್ನು ಕಡಿಮೆ ಮಾಡುವುದಾಗಲೀ ನಿಲ್ಲಿಸುವುದಾಗಲೀ ತರವಲ್ಲ. ಬೀಟಾ-ಬ್ಲಾಕರನ್ನು ಅಲ್ಪ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುವುದು ಪದ್ಧತಿ. ಮೊದಲ ವಾರಗಳಲ್ಲಿ ಆಯಾಸವೆನಿಸಿದರೆ ವೈದ್ಯರಿಗೆ ತಿಳಿಸಬೇಕು. ಪ್ರತಿದಿನ ಬೆಳಿಗ್ಗೆ ನಗದು ಪುಸ್ತಕ ಬರೆಯುವ ಶಿಸ್ತಿನಿಂದಲೇ ದೇಹದ ತೂಕವನ್ನೂ ಬರೆದಿಡುವುದು ಒಳಿತು. ಮೂರು ದಿನಗಳಲ್ಲಿ 2 ಕಿಲೋಗ್ರಾಂಗಿಂತ ಹೆಚ್ಚು ಏರಿದರೆ ದೇಹದಲ್ಲಿ ನೀರು ಸೇರುತ್ತಿರುವ ಸಂಭವವಿದ್ದು, ಕೂಡಲೇ ವೈದ್ಯರನ್ನು ಕಾಣುವುದು ಅಗತ್ಯ.