ಶಾಲಾ ಮನೋವಿಜ್ಞಾನಿಯ ವ್ಯಾಸಂಗ ಮತ್ತು ಮಗುವಿನ ತಾಯ್ನುಡಿ

ಮಗು ಕಲಿಕೆಯಲ್ಲಿ ಹಿಂದುಳಿಯಲು ಕಾರಣ ಕಲಿಕಾ ನ್ಯೂನತೆಯೋ, ಮನದ ಅಳಲೋ, ಅರಿಯದ ಭಾಷೆಯೋ ಎಂದು ಪರಿಶೀಲಿಸುವವರು ಶಾಲಾ ಮನೋವಿಜ್ಞಾನಿಗಳು. ಅಮೆರಿಕದಲ್ಲಿ ಈ ವೃತ್ತಿಗೆ ಪದವಿಯ ಬಳಿಕ ಸಾಮಾನ್ಯವಾಗಿ 3 ವರ್ಷಗಳ ವ್ಯಾಸಂಗ ಅಗತ್ಯ. ಅಲ್ಲಿನ ರಾಷ್ಟ್ರೀಯ ಶಾಲಾ ಮನೋವಿಜ್ಞಾನಿಗಳ ಸಂಘದ ಮಾನದಂಡದಂತೆ ಕನಿಷ್ಠ 60 ಕ್ರೆಡಿಟ್‌ಗಳ ಪಾಠ, 1,200 ಗಂಟೆಗಳ ಇಂಟರ್ನ್‌ಶಿಪ್ ಪೂರೈಸಬೇಕು. ಅದರಲ್ಲಿ 600 ಗಂಟೆಗಳಾದರೂ ಶಾಲೆಯಲ್ಲೇ ಕಳೆಯಬೇಕು. ಮಕ್ಕಳ ಬೆಳವಣಿಗೆ, ಮನೋಮಾಪನ, ಆಪ್ತಸಮಾಲೋಚನೆ, ಸಂಖ್ಯಾಶಾಸ್ತ್ರ, ಕಾನೂನು ಪಠ್ಯದಲ್ಲಿ ಸೇರಿವೆ. ವಿಶೇಷ ಶಿಕ್ಷಣಕ್ಕಾಗಿ ಮಗುವನ್ನು ಪರೀಕ್ಷಿಸುವಾಗ, ಸಾಧ್ಯವಿರುವಲ್ಲೆಲ್ಲ, ಅದರ ತಾಯ್ನುಡಿಯನ್ನೇ ಬಳಸಬೇಕೆಂದು ಅಲ್ಲಿನ ಕಾನೂನು ವಿಧಿಸುತ್ತದೆ.

ಕಾಸರಗೋಡು, ತಾಳವಾಡಿ, ಜತ್ತದ ಪೋಷಕರು ಗಮನಿಸಬೇಕಾದ ಅಂಶವಿದು. ಕನ್ನಡದಲ್ಲಿ ಕಲಿಯುವ ಮಗುವನ್ನು ಅನ್ಯ ನುಡಿಯಲ್ಲಿ ಅಳೆದರೆ, ಭಾಷೆಯ ತೊಡಕೇ ಬುದ್ಧಿಯ ಕೊರತೆಯಾಗಿ ತೋರೀತು. ಆದ್ದರಿಂದ ವರದಿಗೆ ಸಹಿ ಹಾಕುವ ಮುನ್ನ ಕೇಳಿರಿ: ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು? ಮನೋವಿಜ್ಞಾನ ಓದಬಯಸುವ ಮಕ್ಕಳು ಮನೆಯಲ್ಲಿದ್ದರೆ ಪ್ರೋತ್ಸಾಹಿಸಿರಿ. ಕನ್ನಡ ಬಲ್ಲ ಮನೋವಿಜ್ಞಾನಿಗಳು ನಮ್ಮ ಶಾಲೆಗಳಿಗೆ ಬೇಕು.